ಬ್ಯಾನಿಯ ಮಾತು ಬಲ್ಲ ವೈದ್ಯರು ಬೇಕು

ಪ್ರಸೂತಿತಜ್ಞರೊಬ್ಬರು ಸಿದ್ಧರಾಗಲು ಎಂ.ಬಿ.ಬಿ.ಎಸ್.ಗೆ 4½, ಇಂಟರ್ನ್‌ಶಿಪ್‌ಗೆ 1, ಸ್ನಾತಕೋತ್ತರ ಪದವಿಗೆ 3, ಹೀಗೆ ಒಟ್ಟು 8½ ವರ್ಷಗಳು ಬೇಕು. ಈ ಅವಧಿಯಲ್ಲಿ ಮುಖ್ಯವಾಗಿ ಪಳಗುವುದು ಕೈ. ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂಸಿನ ತಲೆ ಯಾವ ಕಡೆಗಿದೆಯೆಂದು ತಿಳಿಯುವುದು, ಗರ್ಭಕಂಠ ಎಷ್ಟು ಸೆಂಟಿಮೀಟರ್ ತೆರೆದಿದೆಯೆಂದು ಬೆರಳಿನಿಂದಲೇ ಅಳೆಯುವುದು, ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ನಿಮಿಷಗಳೊಳಗೆ ನಿರ್ಧರಿಸುವುದು: ಇವು ಪುಸ್ತಕದಿಂದಷ್ಟೇ ಬರುವ ವಿದ್ಯೆಗಳಲ್ಲ. ರಾತ್ರಿಪಾಳಿಗಳಲ್ಲಿ, ಹಿರಿಯರ ಕಣ್ಣೆದುರಿನಲ್ಲಿ ಕಲಿತು ಬರುವಂಥವು.

ಆದರೆ ಕೈಗೆ ಎಟುಕದ ಸಂಗತಿಗಳೂ ಇವೆ. ರಕ್ತದ ಒತ್ತಡವನ್ನು ಯಂತ್ರ ಹೇಳೀತು. ತಲೆ ಸಿಡಿಯುವುದು, ಕಣ್ಣಿಗೆ ಮಂಜು ಕವಿಯುವುದು, ಎದೆಗುಂಡಿಯ ಕೆಳಗೆ ನೋಯುವುದು ಇವೆಲ್ಲ ಬಸುರಿಗೆ ನಂಜೇರಿ ಸೆಳವು ಬರುವ ಮುನ್ಸೂಚನೆಗಳು. ಆಕೆ ಬಾಯಿಬಿಟ್ಟು ಹೇಳಿದರೆ ಮಾತ್ರ ತಿಳಿಯುತ್ತವೆ. ಕೂಸಿನ ಮಿಸುಕಾಟ ನಿನ್ನೆಯಿಂದ ಕಡಿಮೆಯಾಗಿದೆ ಎಂಬುದನ್ನು ಮೊದಲು ಅರಿಯುವವಳೂ ಅವಳೇ.

ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ತಾಲೂಕುಗಳ ಹಳ್ಳಿಗಳಿಂದ ಬರುವ ಎಷ್ಟೋ ಹೆಣ್ಣುಮಕ್ಕಳು ಇದನ್ನು ಹೇಳುವುದು ಕನ್ನಡದಲ್ಲಿ. 'ಬ್ಯಾನಿ ಹತ್ಯಾವ', 'ಕೂಸು ಮಿಸುಕವಲ್ದು' ಎಂದರೆ ದೂರದ ರಾಜ್ಯದಿಂದ ಬಂದು, ಕಷ್ಟಪಟ್ಟು ಮರಾಠಿ ಕಲಿತ ತರುಣ ವೈದ್ಯರಿಗೆ ಅದು ತಿಳಿಯಬೇಕೆಂದಿಲ್ಲ. ಆಗ ಅತ್ತೆಯೋ ಗಂಡನೋ ದುಭಾಷಿಗಳಾಗುತ್ತಾರೆ. ಅವರು ತಮಗೆ ಮುಖ್ಯವೆನಿಸಿದ್ದನ್ನು ಹೇಳುತ್ತಾರೆ, ಉಳಿದುದನ್ನು ಬಿಡುತ್ತಾರೆ. ಹಿಂದೊಮ್ಮೆ ಗರ್ಭ ಇಳಿದುದನ್ನು ಸೊಸೆ ಅತ್ತೆಯ ಬಾಯಿಂದ ಹೇಳಿಸುವುದುಂಟೆ? ಆಕೆಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಆ ಒಂದು ಮಾತು ಈ ಕೂಸಿನ ಅಳಿವು ಉಳಿವಿನ ಪ್ರಶ್ನೆಯಾಗಬಹುದು.

ಅಪಾಯದ ಗಳಿಗೆಯಲ್ಲಿ ಬೇಕಾದದ್ದು ನುರಿತ ಕೈಯೇ ಹೊರತು ಮಾತಲ್ಲ ಎಂದು ಕೆಲವರು ಹೇಳಿಯಾರು. ನಿಜ. ಆದರೆ ಆ ಗಳಿಗೆ ಬಾರದಂತೆ ತಡೆಯುವುದು ಮಾತು. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಸಂವಹನಕ್ಕೂ ಸ್ಥಳೀಯ ಭಾಷೆಗೂ ಎಡೆಮಾಡಿಕೊಟ್ಟಿತು. ಮಹಾರಾಷ್ಟ್ರದಲ್ಲಿ ಸ್ಥಳೀಯ ಭಾಷೆಯೆಂದರೆ ಮರಾಠಿ. ಅದು ಸಹಜ, ಅದರಲ್ಲಿ ತಕರಾರಿಲ್ಲ. ಆದರೆ ಗಡಿಯ ತಾಲೂಕಿಗೆ ಒಂದೇ ಸ್ಥಳೀಯ ಭಾಷೆ ಇರುವುದಿಲ್ಲ.

ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಅವರ ಪ್ರಬಂಧದ ವಿಷಯ ಪ್ರಸೂತಿಶಾಸ್ತ್ರ. ಪುರುಷ ವೈದ್ಯರೆದುರು ಬಾಯಿಬಿಡಲಾರದ ಹೆಂಗಸರಿಗೆ ಹೆಣ್ಣುಮಕ್ಕಳೇ ವೈದ್ಯರಾಗಿ ಒದಗಬೇಕೆಂಬುದು ಅವರ ನಿಲುವಾಗಿತ್ತು. ಇಂದು ಪ್ರಸೂತಿ ವಿಭಾಗಗಳಲ್ಲಿ ವೈದ್ಯೆಯರಿಗೆ ಕೊರತೆಯಿಲ್ಲ. ಆ ಗೋಡೆ ಬಹುಮಟ್ಟಿಗೆ ಬಿದ್ದಿದೆ. ಭಾಷೆಯ ಗೋಡೆ ನಿಂತಿದೆ.

ಅದನ್ನು ಕೆಡವುವ ಕೆಲಸ ವೈದ್ಯರೊಬ್ಬರದೇ ಅಲ್ಲ. ಬಸುರಿ, ಬಾಣಂತಿ, ಮುಟ್ಟು, ಮಾಸು, ಬ್ಯಾನಿ ಇತ್ಯಾದಿಗಳ ಬಗ್ಗೆ ಈ ಸೀಮೆಯ ಅಜ್ಜಿಯರು ಆಡುವ ಮಾತುಗಳನ್ನು ಗಡಿಭಾಗದ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಕೂಡಿಸಬಹುದು. ಅವುಗಳ ಎದುರಿಗೆ ಮರಾಠಿ ಅರ್ಥ ಬರೆದು, ವೈದ್ಯರಿಂದ ತಿದ್ದಿಸಿ, ಇಪ್ಪತ್ತು ಪುಟದ ಕೈಪಿಡಿಯಾಗಿ ಹೆರಿಗೆ ವಾರ್ಡುಗಳಿಗೆ ಕೊಡಬಹುದು. ಗಡಿನಾಡಿನ ಕನ್ನಡದ ಉಳಿವಿನ ಬಗ್ಗೆ ಭಾಷಣಗಳು ಸಾಕಷ್ಟಾಗಿವೆ. ಆ ಕನ್ನಡದಿಂದ ಒಬ್ಬ ತಾಯಿ ಉಳಿದರೆ ಅದಕ್ಕಿಂತ ದೊಡ್ಡ ನುಡಿಸೇವೆ ಬೇರೊಂದಿಲ್ಲ.