ಮೇಲಿನ ಮಹಡಿಯ ರೋಗಿ: ಎಸಿ ಬದಲಿಸಬೇಕೇ, ಸರ್ವಿಸ್ ಸಾಕೇ?

ತೆಲಂಗಾಣ ಸರ್ಕಾರ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿ, ಅದರಿಂದ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿತು. ಬಿಸಿಗಾಳಿ ಎಂದ ತಕ್ಷಣ ನೆನಪಾಗುವುದು ಹೊಲದಲ್ಲಿ, ರಸ್ತೆ ಕಾಮಗಾರಿಯಲ್ಲಿ ದುಡಿಯುವವರು. ಆದರೆ ಶಾಖಾಘಾತದಲ್ಲಿ ಎರಡು ಬಗೆ ಇದೆ. ಒಂದು ಬಿಸಿಲಿನಲ್ಲಿ ದುಡಿಯುವಾಗ ಗಂಟೆಗಳಲ್ಲೇ ಬರುವಂಥದ್ದು. ಇನ್ನೊಂದು ಎರಡು ಮೂರು ದಿನಗಳಲ್ಲಿ ನಿಧಾನವಾಗಿ, ಮನೆಯೊಳಗೇ, ಮಂಚದ ಮೇಲೇ ಬರುವಂಥದ್ದು. ಈ ಎರಡನೆಯದಕ್ಕೆ ಹೆಚ್ಚಾಗಿ ಸಿಲುಕುವವರು ವೃದ್ಧರು ಮತ್ತು ಹೃದಯ, ಮೂತ್ರಪಿಂಡ, ಮಾನಸಿಕ ಕಾಯಿಲೆಗಳಿಗೆ ಔಷಧಿ ತೆಗೆದುಕೊಳ್ಳುವವರು.

ಹಿಮಾಯತ್‌ನಗರದಂಥ ಬಡಾವಣೆಯಲ್ಲಿ ಈ ಮಾತು ಮುಖ್ಯ. ಹಳೆಯ ಬಂಗಲೆಗಳ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟ್‌ಗಳ ಕೊನೆಯ ಮಹಡಿಯಲ್ಲಿ, ಹಗಲೆಲ್ಲ ಕಾದ ಕಾಂಕ್ರೀಟ್ ಸ್ಲ್ಯಾಬ್ ಮಧ್ಯರಾತ್ರಿಯವರೆಗೂ ಕೋಣೆಯೊಳಗೆ ಶಾಖ ಬಿಡುತ್ತಿರುತ್ತದೆ. ಪಕ್ಕದ ಕಾಚಿಗುಡದಿಂದ ಇಲ್ಲಿಯವರೆಗೆ ತಲೆಮಾರುಗಳಿಂದ ಕನ್ನಡ ಕುಟುಂಬಗಳಿವೆ. ಕಲಬುರಗಿ, ಬೀದರ್, ರಾಯಚೂರಿನಿಂದ ಚಿಕಿತ್ಸೆಗೆ ಬಂದು ಬಾಡಿಗೆ ಕೋಣೆಯಲ್ಲಿ ವಾರಗಟ್ಟಲೆ ಉಳಿಯುವವರೂ ಇದ್ದಾರೆ.

ಕೋಣೆ ಎಷ್ಟು ತಂಪಾಗಿರಬೇಕು? ಹಗಲು 32 ಡಿಗ್ರಿ ಸೆಲ್ಸಿಯಸ್‌ಗಿಂತ, ರಾತ್ರಿ 24ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಸಿಯನ್ನು 27ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿದರೆ ಇನ್ನೂ 4 ಡಿಗ್ರಿ ತಂಪಾದ ಅನುಭವವಾಗುತ್ತದೆ ಎಂದೂ ಅದು ಹೇಳುತ್ತದೆ. ಹೀಗಾಗಿ 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಎಸಿಗಳನ್ನು 20ರಿಂದ 28 ಡಿಗ್ರಿಯೊಳಗೆ ಮಿತಿಗೊಳಿಸುವ ಪ್ರಸ್ತಾವ ಮುಂದಿಟ್ಟಾಗ ಎದ್ದ ಗದ್ದಲಕ್ಕೆ ರೋಗಿಗಳ ಮಟ್ಟಿಗೆ ಅರ್ಥವಿಲ್ಲ. 16 ಡಿಗ್ರಿಯ ಗಾಳಿ ಅಸ್ತಮಾ ಇರುವವರಿಗೆ ಕೆಮ್ಮು ತರಿಸೀತೇ ಹೊರತು ಉಪಕಾರವೇನೂ ಮಾಡದು.

ಖರೀದಿಯ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. 2026ರ ಜನವರಿಯಿಂದ ಸ್ಟಾರ್ ಲೆಕ್ಕ ಬಿಗಿಯಾಯಿತು. ಅಂಗಡಿಯಲ್ಲಿ ಹಳೆಯ ದಾಸ್ತಾನಿನ 5 ಸ್ಟಾರ್ ತೋರಿಸಿದರೆ ಲೇಬಲ್ ಮೇಲಿನ ವರ್ಷವನ್ನೂ ನೋಡಿ. ಹೈದರಾಬಾದ್‌ನಲ್ಲಿ ‘ಹಾಟ್ ಅಂಡ್ ಕೋಲ್ಡ್’ ಮಾದರಿಗೆ ಹೆಚ್ಚು ಹಣ ಕೊಡುವುದು ದಂಡ. ಇಲ್ಲಿಯ ಚಳಿಗೆ ಒಂದು ಕಂಬಳಿ ಸಾಕು.

ಎಷ್ಟೋ ಮನೆಗಳಿಗೆ ಹೊಸ ಯಂತ್ರಕ್ಕಿಂತ ಬೇಕಾಗಿರುವುದು ಸರಿಯಾದ ಸರ್ವಿಸ್. ಮೆಕ್ಯಾನಿಕ್ ಬಂದು ‘ಗ್ಯಾಸ್ ಮುಗಿದಿದೆ’ ಎಂದರೆ ನಿಂತು ಕೇಳಿ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕಿ ಮುಚ್ಚದೆ ತುಂಬಿಸಿದ ಗ್ಯಾಸ್ ಮೇ ಮಧ್ಯದಲ್ಲಿ ಮತ್ತೆ ಕೈಕೊಡುತ್ತದೆ. ಹಳೆಯ ಎಸಿಗಳಲ್ಲಿರುವ ಆರ್-22 ಗ್ಯಾಸನ್ನು 2025ರ ಜನವರಿಯಿಂದ ಹೊಸ ಉಪಕರಣಗಳ ತಯಾರಿಕೆಯಲ್ಲಿ ಬಳಸುವಂತಿಲ್ಲ. ಅಂಥ ಯಂತ್ರದಲ್ಲಿ ಸೋರಿಕೆ ಮರುಕಳಿಸುತ್ತಿದ್ದರೆ ಆಗ ಬದಲಿಸುವುದೇ ಲೇಸು. ಒಂದು ಗ್ಯಾಸಿನ ಯಂತ್ರಕ್ಕೆ ಇನ್ನೊಂದನ್ನು ತುಂಬಲು ಬಿಡಬೇಡಿ. ಈಗಿನ ಆರ್-32 ಸ್ವಲ್ಪ, ಆರ್-290 ಚೆನ್ನಾಗಿಯೇ ಹೊತ್ತಿಕೊಳ್ಳುವ ಗ್ಯಾಸ್‌ಗಳು. ರಿಪೇರಿ ನಡೆಯುವಾಗ ರೋಗಿಯನ್ನು ಬೇರೆ ಕೋಣೆಗೆ ಕರೆದೊಯ್ಯಿರಿ, ದೀಪ, ಬೀಡಿ ಹತ್ತಿರ ಇರಬಾರದು.

ಫಿಲ್ಟರ್ ತೊಳೆಯಲು ಯಾರೂ ಬೇಕಿಲ್ಲ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒಳಗಿನ ಯಂತ್ರದಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಮುಗ್ಗಲು ವಾಸನೆ ಬಂದರೆ ಡ್ರೈನ್ ಪೈಪ್ ಕಟ್ಟಿಕೊಂಡಿರಬಹುದು. ಅಲ್ಲಿ ಬೆಳೆಯುವ ಬೂಷ್ಟು ಅಸ್ತಮಾ, ಸಿಒಪಿಡಿ ಇರುವವರಿಗೆ ಕೆಡುಕು.

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಅದೇ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಮನೆಯಲ್ಲಿ ಕ್ಷಯ ಅಥವಾ ಫ್ಲೂ ರೋಗಿ ಇದ್ದರೆ ಮುಚ್ಚಿದ ಎಸಿ ಕೋಣೆ ಬೇಡ; ಬೆಳಿಗ್ಗೆ, ಸಂಜೆ ಕಿಟಕಿ ತೆರೆಯಲೇಬೇಕು. ಆಮ್ಲಜನಕ ಕಾನ್ಸಂಟ್ರೇಟರ್ ಇರುವ ಮನೆಯಲ್ಲಿ ಲೆಕ್ಕ ಬೇರೆ. 5 ಲೀಟರ್ ಯಂತ್ರ ಸುಮಾರು 300ರಿಂದ 350 ವ್ಯಾಟ್ ಎಳೆಯುತ್ತದೆ, ಅಷ್ಟೂ ಕೋಣೆಯೊಳಗೆ ಶಾಖವಾಗಿ ಉಳಿಯುತ್ತದೆ. ಅದನ್ನೂ ಎಸಿಯನ್ನೂ ಒಂದೇ ಸಾಕೆಟ್‌ಗೆ ಸಿಕ್ಕಿಸಬಾರದು. ಹಳೆಯ ಕಟ್ಟಡವಾದರೆ ಎಸಿ ಕೊಳ್ಳುವ ಮುನ್ನ ಎಲೆಕ್ಟ್ರಿಷಿಯನ್‌ಗೆ ವೈರಿಂಗ್ ತೋರಿಸಿ.

ಎಸಿ ಇಲ್ಲದವರು? ಮೇ ತಿಂಗಳ ಒಣ ಗಾಳಿಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ನಮ್ಮ ಹಿರಿಯರ ಲಾವಂಚದ ತಡಿಕೆಯ ಹಾಗೆಯೇ. ಮಳೆ ಶುರುವಾಗಿ ತೇವ ಹೆಚ್ಚಿದರೆ ಅದರಿಂದ ಸೆಖೆಯೇ ಹೆಚ್ಚು. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆಗೆ ಅದು ಹೇಳಿ ಮಾಡಿಸಿದ ಜಾಗ. ಕೋಣೆಯೊಳಗೆ 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಮೈಯನ್ನು ಇನ್ನಷ್ಟು ಕಾಯಿಸುತ್ತದೆ, ಒದ್ದೆ ಬಟ್ಟೆ ಬೇಕು.

ತಾರಸಿಗೆ ಬಿಳಿ ಪ್ರತಿಫಲಕ ಬಣ್ಣ ಬಳಿಯುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಅಪ್‌ಗ್ರೇಡ್. ಕರೆಂಟ್ ಹೋದಾಗಲೂ ಅದು ಕೆಲಸ ಮಾಡುತ್ತದೆ. 2023ರ ಏಪ್ರಿಲ್‌ನಲ್ಲಿ ಬಂದ ತೆಲಂಗಾಣದ ಕೂಲ್ ರೂಫ್ ನೀತಿ, ವಸತಿ ಕಟ್ಟಡಗಳಲ್ಲಿ 600 ಚದರ ಗಜ ಮತ್ತು ಮೇಲ್ಪಟ್ಟ ನಿವೇಶನಗಳಿಗೆ ಇದನ್ನು ಕಡ್ಡಾಯ ಮಾಡಿದೆ, ಚಿಕ್ಕವಕ್ಕೆ ಐಚ್ಛಿಕ. ತೊಡಕೆಂದರೆ ತಾರಸಿ ಎಲ್ಲರದು, ಸೆಖೆ ಮಾತ್ರ ಕೊನೆಯ ಮಹಡಿಯವರದು. ಅಸೋಸಿಯೇಷನ್ ಸಭೆಯಲ್ಲಿ ರೋಗಿಯ ವಿಷಯ ಹೇಳಿಯೇ ಕೇಳಿ.

ಮೂತ್ರವರ್ಧಕ, ಬೀಟಾ ಬ್ಲಾಕರ್, ಪಾರ್ಕಿನ್ಸನ್ ಮತ್ತು ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ದೇಹ ಶಾಖ ತಾಳುವ ಬಗೆಯನ್ನೇ ಬದಲಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬೇಸಿಗೆಗೆ ಮುನ್ನ ವೈದ್ಯರನ್ನು ಕೇಳಿ. ರೋಗಿ ಮಂಕಾದರೆ, ತಡಬಡಿಸಿ ಮಾತಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಪ್ಯಾರಸಿಟಮಾಲ್ ಕೊಟ್ಟು ಕಾಯಬೇಡಿ. ಶಾಖಾಘಾತದ ಬಿಸಿಯನ್ನು ಅದು ಇಳಿಸುವುದಿಲ್ಲ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ.