ಬೇಡ್ತಿಯ ಬೆನ್ನು ಹಿಡಿದು ಅಂಕೋಲೆಗೆ

ಧಾರವಾಡದ ಮೇಲೆ ಸುರಿಯುವ ಮಳೆಗೆ ಎರಡು ದಾರಿಗಳಿವೆ. ಪೂರ್ವದ ಇಳಿಜಾರಿಗೆ ಬಿದ್ದ ಹನಿಯು ಹಳ್ಳಗಳ ಮೂಲಕ ಮಲಪ್ರಭೆಯನ್ನು ಸೇರಿ, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆತು ಬಂಗಾಳ ಕೊಲ್ಲಿಗೆ ಸಾಗುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿಯು ಶಾಲ್ಮಲೆಯಾಗಿ ಹರಿದು, ಕಲಘಟಗಿ ಸೀಮೆಯಲ್ಲಿ ಬೇಡ್ತಿಯನ್ನು ಕೂಡಿ, ಘಟ್ಟದ ಕೆಳಗೆ ಗಂಗಾವಳಿಯೆಂಬ ಹೆಸರು ಪಡೆದು ಅಂಕೋಲೆ ತಾಲೂಕಿನ ಅಂಚಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಸಂಗಮದ ದಾರಿಯನ್ನು ನಮ್ಮ ಮನೆತನಗಳು ಚೆನ್ನಾಗಿ ಬಲ್ಲವು. ಈ ಇನ್ನೊಂದು ದಾರಿಯನ್ನು ಹಿಡಿದು ಹೋದವರು ವಿರಳ. ಕಳೆದ ಮಾಘ ಮಾಸದಲ್ಲಿ ನಾಲ್ಕಾರು ಕುಟುಂಬಗಳ ಸದ್ಭಕ್ತರು ಒಂದು ದಿನದ ಮಟ್ಟಿಗೆ ಸಮುದ್ರ ನೋಡಿ ಬರೋಣವೆಂದಾಗ, ಬೇಡ್ತಿಯ ದಾರಿಯನ್ನೇ ಹಿಡಿಯೋಣವೆಂದು ನಾನು ಸೂಚಿಸಿದೆ.

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 130 ಕಿಲೋಮೀಟರ್. ಕಲಘಟಗಿಯನ್ನು ದಾಟುತ್ತಲೇ ಕಪ್ಪು ನೆಲ ಮರೆಯಾಗಿ ಕಾಡು ಮೊದಲಾಗುತ್ತದೆ. ಯಲ್ಲಾಪುರದಿಂದ ಒಳದಾರಿಯಲ್ಲಿ ಹೋದರೆ ಮಾಗೋಡು. ಅಲ್ಲಿ ಬೇಡ್ತಿಯು ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತದೆ. ನಮಗೆ ವೇಳೆ ಸಾಲದೆ ಅದನ್ನು ಬಿಟ್ಟು ಅರಬೈಲು ಘಟ್ಟವನ್ನಿಳಿದೆವು. ಇಳಿದೊಡನೆ ಬಿಸಿಲಿನ ಗುಣವೇ ಬೇರೆಯಾಯಿತು. ನಮ್ಮ ಕಡೆಯ ಬಿಸಿಲು ಒಣಗಿಸುತ್ತದೆ. ಕರಾವಳಿಯ ಬಿಸಿಲು ತೋಯಿಸುತ್ತದೆ. ಬುತ್ತಿ ಬಿಚ್ಚಿದಾಗ ಮನೆಯಲ್ಲಿ ಟಪ್ಪೆಂದು ಮುರಿಯುತ್ತಿದ್ದ ಕಡಕ್ ರೊಟ್ಟಿಯು ಅರಿವೆಯಂತೆ ಮಡಚಿಕೊಂಡಿತು. ಹೆಣ್ಣುಮಕ್ಕಳಿಗೆ ಇದೊಂದು ದೊಡ್ಡ ಸೋಜಿಗ! ಶೇಂಗಾ ಹಿಂಡಿಯ ರುಚಿಗೆ ಮಾತ್ರ ಯಾವ ಕುಂದೂ ಬರಲಿಲ್ಲ.

ಅಂಕೋಲೆಯು ಚಿಕ್ಕ ಊರು, ಆದರೆ ಅದರ ಚರಿತ್ರೆ ಚಿಕ್ಕದಲ್ಲ. 1930ರ ಏಪ್ರಿಲ್ 13ರಂದು ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಅದರ ಬೆನ್ನಿಗೆ ಬಂದ ಕರನಿರಾಕರಣೆಯಲ್ಲಿ ಈ ತಾಲೂಕಿನ ರೈತರು ಹೊಲಮನೆಗಳ ಮುಟ್ಟುಗೋಲನ್ನು ಸಹಿಸಿದರೇ ಹೊರತು ಕಂದಾಯ ಕಟ್ಟಲಿಲ್ಲ. ಚುಟುಕಗಳ ಕವಿ ದಿನಕರ ದೇಸಾಯಿಯವರು ಈ ಸೀಮೆಯವರೇ. ಅವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಬಡವರ ಮಕ್ಕಳು ಅಕ್ಷರ ಕಂಡರು. ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ಓದಿ ಬೆಳೆದವರಿಗೆ ಈ ಕೆಲಸದ ಬೆಲೆಯನ್ನು ವಿವರಿಸಬೇಕಿಲ್ಲ.

ಸಮುದ್ರ ದಂಡೆಗೆ ನಾವು ಬಂದಾಗ ನಡುಹಗಲು. ನಮ್ಮೊಡನೆ ಎಪ್ಪತ್ತೆರಡು ವರ್ಷದ ತಾಯಿಯೊಬ್ಬರಿದ್ದರು. ಅಲ್ಲಿಯವರೆಗೆ ಸಮುದ್ರ ಕಂಡವರಲ್ಲ. ಅವರು ಮಾತಾಡಲಿಲ್ಲ. ಸೆರಗು ಹೊದ್ದು, ಮರಳಿನ ಮೇಲೆ ಕುಳಿತು, ಅರ್ಧ ತಾಸು ನೋಡಿದರು. ಹುಡುಗರನ್ನು ಮಾತ್ರ ಮೊಣಕಾಲಿಗಿಂತ ಹೆಚ್ಚು ಆಳಕ್ಕೆ ನಾನು ಬಿಡಲಿಲ್ಲ. ಅವರ ಮುನಿಸಿಗೂ ಗುರಿಯಾದೆ. 2024ರ ಡಿಸೆಂಬರ್ 10ರಂದು ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಕೆರೆ ಬಾವಿಗಳಲ್ಲಿ ಈಜು ಕಲಿತವರಿಗೂ ಹಿಂದಕ್ಕೆಳೆಯುವ ತೆರೆಯ ಪರಿಚಯವಿರುವುದಿಲ್ಲ. ಮಕ್ಕಳನ್ನು ಕರೆದೊಯ್ಯುವ ಹಿರಿಯರು ಸ್ಥಳೀಯ ಮೀನುಗಾರರನ್ನು ಕೇಳದೆ ನೀರಿಗೆ ಇಳಿಸಬಾರದು.

ಸಂಜೆಗೆ ಮುನ್ನ ಕುಮಟೆಯ ಕಡೆಗೆ ಸ್ವಲ್ಪ ದೂರ ಹೋಗಿ ಶಿರೂರಿನಲ್ಲಿ ನಿಂತೆವು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ, ನಡುವೆ ಹೆದ್ದಾರಿ. ರಸ್ತೆಯ ಅಗಲೀಕರಣಕ್ಕಾಗಿ ಗುಡ್ಡದ ಬುಡವನ್ನು ಕಡಿಯಲಾಗಿತ್ತು. 2024ರ ಜುಲೈ 16ರ ಬೆಳಿಗ್ಗೆ, ಎಡೆಬಿಡದ ಮಳೆಯಲ್ಲಿ, ಆ ಗುಡ್ಡವು ಜಾರಿ ರಸ್ತೆಯನ್ನು ದಾಟಿ ನದಿಗೆ ಬಿತ್ತು. ದಾರಿಯ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವು ಮಕ್ಕಳ ಸಮೇತ ಹೋಯಿತು. ಮಣ್ಣು ಎಬ್ಬಿಸಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ನದಿಯಲ್ಲಿ ಮುಳುಗಿದ್ದ ಲಾರಿಯೊಂದು ಚಾಲಕನ ಶವದೊಡನೆ ದೊರೆತದ್ದು ಸೆಪ್ಟೆಂಬರ್ 25ರಂದು. ಬೇಗ ತಲುಪಬೇಕೆಂಬ ಅವಸರ ನಮ್ಮದೂ ಹೌದು. ಅಂದು ಬೆಳಿಗ್ಗೆ ತಡವಾಯಿತೆಂದು ಚಾಲಕನನ್ನು ಗದರಿಸಿದವರು ನಮ್ಮಲ್ಲೇ ಇದ್ದರು. ಚಹಾ ಕಾಸಿ ಹೊಟ್ಟೆ ಹೊರೆಯುತ್ತಿದ್ದ ಕಾಯಕಜೀವಿಗೆ ಆ ಅವಸರದಲ್ಲಿ ಪಾಲು ಎಲ್ಲಿತ್ತು?

ಆ ತಾಯಿಯವರು ನದಿಯನ್ನು ತೋರಿಸಿ, “ಇದು ನಮ್ಮೂರ ನೀರs ಏನ್ರೀ, ಶಾಸ್ತ್ರಿಗಳs?” ಎಂದರು.

“ಹೌದ್ರೀ ತಾಯಿ. ಸೋಮೇಶ್ವರ ಗುಡಿ ಹತ್ರ ಹುಟ್ಟಿದ್ದು.”

ಮೊಮ್ಮಗನಿಂದ ಒಂದು ತಂಬಿಗೆ ನೀರು ತರಿಸಿ, ನಾಲಿಗೆಗೆ ಹಚ್ಚಿ, “ಉಪ್ಪೈತ್ರಿ,” ಎಂದರು. ಮಳೆ ಮುಗಿದ ಮೇಲೆ ನದಿಯ ಹರಿವು ಬಡವಾಗಿ, ಉಬ್ಬರದ ಹೊತ್ತಿಗೆ ಸಮುದ್ರವೇ ಒಳಕ್ಕೆ ಏರಿ ಬರುತ್ತದೆಂದು ವಿವರಿಸಿದೆ. ಅವರು ತಂಬಿಗೆಯ ನೀರನ್ನು ಚೆಲ್ಲದೆ, ತಾವೇ ನಿಧಾನವಾಗಿ ದಡಕ್ಕೆ ನಡೆದು ನದಿಗೇ ಸುರಿದು ಬಂದರು. ಕತ್ತಲಾಗುವ ಮುನ್ನ ಘಟ್ಟ ಹತ್ತಬೇಕಾಗಿತ್ತು. ಆದರೂ ಈ ಸಲ ಯಾರೂ ಚಾಲಕನನ್ನು ಅವಸರಪಡಿಸಲಿಲ್ಲ.