ಓಟದ ಫಲಿತಾಂಶವೂ ಮೊಬೈಲಿನ ಸಂದೇಶವೂ



ಸಾಮೂಹಿಕ ಓಟಗಳು ಈಗ ನಮ್ಮ ಕುಟುಂಬಗಳಿಗೆ ಹೊಸತಾಗಿ ಉಳಿದಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟವು ಸಾವಿರಾರು ಜನಸಾಮಾನ್ಯರನ್ನು ಬೀದಿಗಿಳಿಸಿತು. ಇಂದು ಅನೇಕ ಊರುಗಳಲ್ಲಿ ತಾತ, ಸೊಸೆ, ಮೊಮ್ಮಗ ಒಂದೇ ಬಣ್ಣದ ಅಂಗಿ ತೊಟ್ಟು ಓಡುವುದನ್ನು ಕಾಣುತ್ತೇವೆ. ಆರೋಗ್ಯದ ದೃಷ್ಟಿಯಿಂದ ಇದು ಸಂತೋಷದ ಬೆಳವಣಿಗೆ. ಆದರೆ ಓಟ ಮುಗಿದ ಮೇಲೆ ಮೊಬೈಲಿಗೆ ಬರುವ ಫಲಿತಾಂಶದ ಸಂದೇಶವು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ನಮ್ಮ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಅರವತ್ನಾಲ್ಕನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಇಂಥ ಓಟದಲ್ಲಿ ಭಾಗವಹಿಸಿದರು. ಮರುದಿನ ಅವರ ಮನೆಗೆ ಹೋದಾಗ ಸಿಹಿ ಸಿದ್ಧವಾಗಿತ್ತು. ಅವರ ಹೆಸರು, ಓಟದ ಸಂಖ್ಯೆ ಎರಡನ್ನೂ ಸರಿಯಾಗಿ ನಮೂದಿಸಿದ್ದ ಸಂದೇಶವೊಂದು ಬಂದಿತ್ತು: ಹಿರಿಯರ ವಿಭಾಗದಲ್ಲಿ ಮೂರನೆಯ ಸ್ಥಾನ, ಅವಧಿ 58 ನಿಮಿಷ, ನಗದು ಬಹುಮಾನಕ್ಕಾಗಿ ಕೆಳಗಿನ ಕೊಂಡಿಯನ್ನು ಒತ್ತಿ 499 ರೂಪಾಯಿ ಶುಲ್ಕ ಪಾವತಿಸಬೇಕು.

"ಅಪ್ಪಾಜಿ, ಒಂದೂಕಾಲು ಗಂಟೆ ಹಿಡಿಯಿತೆಂದು ನಿನ್ನೆ ನೀವೇ ಹೇಳಿದಿರಲ್ಲ?" ಎಂದು ಮಗಳು ಮೆಲ್ಲನೆ ಕೇಳಿದಳು.

"ನನ್ನ ಕೈಗಡಿಯಾರವೇ ತಪ್ಪಿರಬೇಕಮ್ಮ" ಎಂದರು ಅವರು. ಜೀವನವಿಡೀ ಮಕ್ಕಳ ಲೆಕ್ಕ ತಿದ್ದಿದವರಿಗೆ ಅಂದು ತಮ್ಮ ಲೆಕ್ಕದ ಮೇಲೆಯೇ ನಂಬಿಕೆ ಬರಲಿಲ್ಲ. ಮೋಸಗಾರರ ಬಂಡವಾಳವೇ ಇದು. ಭಯಕ್ಕೆ ಜಗ್ಗದ ವಿವೇಕವು ಹೊಗಳಿಕೆಗೆ ಜಗ್ಗುತ್ತದೆ.

ಓಟದ ಕಾಲವನ್ನು ಅಳೆಯುವ ಬಗೆಯನ್ನು ತಿಳಿದರೆ ಅರ್ಧ ಸಂಶಯ ತಾನಾಗಿ ಬಗೆಹರಿಯುತ್ತದೆ. ಎದೆಗೆ ಹಚ್ಚಿಕೊಳ್ಳುವ ಸಂಖ್ಯೆಯ ಚೀಟಿಗೆ 'ಬಿಬ್' ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಹಿಂಬದಿಯಲ್ಲಿ ಚಿಕ್ಕದೊಂದು ಚಿಪ್ ಇರುತ್ತದೆ. ಆರಂಭದಲ್ಲಿಯೂ ಕೊನೆಯಲ್ಲಿಯೂ ಹಾಸಿರುವ ಚಾಪೆಯಂಥ ಸಾಧನವನ್ನು ದಾಟಿದಾಗ ಆ ಕ್ಷಣ ದಾಖಲಾಗುತ್ತದೆ. ಓಟಕ್ಕೆ ಚಾಲನೆ ದೊರೆತ ಗಳಿಗೆಯಿಂದ ಎಣಿಸಿದ ಕಾಲ ಒಂದು. ಓಟಗಾರರು ಆರಂಭದ ಗೆರೆಯನ್ನು ದಾಟಿದ ಗಳಿಗೆಯಿಂದ ಎಣಿಸಿದ ಕಾಲ ಇನ್ನೊಂದು. ಜನದಟ್ಟಣೆಯಲ್ಲಿ ಹಿಂದೆ ನಿಂತವರಿಗೆ ಇವೆರಡರ ನಡುವೆ ಹಲವು ನಿಮಿಷಗಳ ಅಂತರ ಬೀಳಬಹುದು. ಆದ್ದರಿಂದ ಅಲ್ಪ ವ್ಯತ್ಯಾಸ ಕಂಡೊಡನೆ ಸಂದೇಶವನ್ನು ಸುಳ್ಳೆನ್ನಬೇಕಾಗಿಲ್ಲ. ಆದರೆ ಒಂದೂಕಾಲು ಗಂಟೆಯ ಓಟವು ಯಾವ ಲೆಕ್ಕದಲ್ಲಿಯೂ 58 ನಿಮಿಷವಾಗಲಾರದು.

ಹಾಗಾದರೆ ಹೆಸರು, ಸಂಖ್ಯೆ ಅವರಿಗೆ ತಿಳಿದದ್ದು ಹೇಗೆ? ಇದು ತಾಯಿಯವರ ಪ್ರಶ್ನೆ. ಓಟದ ದಿನವೇ ಮೊಮ್ಮಗನು ತಾತನ ಭಾವಚಿತ್ರವನ್ನು ಹೆಸರು ಸಹಿತ ಫೇಸ್‌ಬುಕ್ಕಿನಲ್ಲಿ ಹಾಕಿದ್ದನು. ಎದೆಯ ಮೇಲಿನ ಸಂಖ್ಯೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಸಾವಿರ ಜನರ ಕಣ್ಣಿಗೆ ಬಿದ್ದ ಸಂಖ್ಯೆಯು ಗುಟ್ಟೂ ಅಲ್ಲ, ಸಂದೇಶದ ಸಾಚಾತನಕ್ಕೆ ಸಾಕ್ಷಿಯೂ ಅಲ್ಲ.

ನಾವು ಆ ಕೊಂಡಿಯನ್ನು ಮುಟ್ಟಲಿಲ್ಲ. ಹೆಸರು ನೋಂದಾಯಿಸಿದಾಗ ಸಂಘಟಕರು ಕೊಟ್ಟಿದ್ದ ಜಾಲತಾಣದ ವಿಳಾಸವನ್ನು ನಾವೇ ಬೆರಳಚ್ಚಿಸಿ ತೆರೆದು, ಫಲಿತಾಂಶದ ಪುಟದಲ್ಲಿ ಬಿಬ್ ಸಂಖ್ಯೆಯನ್ನು ಹಾಕಿದೆವು. ಒಂದು ಗಂಟೆ ಹದಿನಾರು ನಿಮಿಷ. ವಿಭಾಗದಲ್ಲಿ ನಲವತ್ತೊಂದನೆಯ ಸ್ಥಾನ. ಮನೆಯಲ್ಲಿ ಒಂದು ಕ್ಷಣ ಮೌನ ನೆಲೆಸಿತು. ಮೊಬೈಲನ್ನು ಮತ್ತೆ ನೋಡಿದಾಗ ಹಿಂದಿನ ಸಂಜೆಯೇ ಬಂದಿದ್ದ ಇನ್ನೊಂದು ಸಂದೇಶ ಕಂಡಿತು. ಸಂಖ್ಯೆ, ಕಾಲ, ಜಾಲತಾಣದ ಹೆಸರು ಇಷ್ಟೇ ಅದರಲ್ಲಿದ್ದವು. ನಿಜವಾದ ಸಂದೇಶ ಅದೇ ಆಗಿತ್ತು. ಅದರಲ್ಲಿ ಹೊಗಳಿಕೆ ಇರಲಿಲ್ಲವಾಗಿ ಯಾರೂ ಓದಿರಲಿಲ್ಲ.

ಓದುಗರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ನಮ್ಮ ದೇಶದಲ್ಲಿ 2018ರ ನಿಯಮಾವಳಿಯಂತೆ ಸಂಸ್ಥೆಗಳು ಸಗಟಾಗಿ ಕಳುಹಿಸುವ ಕಿರುಸಂದೇಶಗಳಿಗೆ ನೋಂದಾಯಿತ ಶಿರೋನಾಮ ಇರಬೇಕು. 2025ರಿಂದ ಅದರ ಕೊನೆಗೆ ಪಿ, ಎಸ್, ಟಿ, ಜಿ ಎಂಬ ಅಕ್ಷರಗಳಲ್ಲಿ ಒಂದು ಸೇರಿದೆ. ಇವು ಕ್ರಮವಾಗಿ ಪ್ರಚಾರ, ಸೇವೆ, ವ್ಯವಹಾರ ಮತ್ತು ಸರ್ಕಾರವನ್ನು ಸೂಚಿಸುತ್ತವೆ. ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ 'ಫಲಿತಾಂಶ' ಬಂದರೆ ಸಂಶಯಪಡುವುದು ಲೇಸು. ಆದರೆ ಶಿರೋನಾಮವನ್ನೂ ನಕಲು ಮಾಡುವವರಿದ್ದಾರೆ, ಅದೊಂದನ್ನೇ ನೆಚ್ಚಬಾರದು. ಬಹುಮಾನಕ್ಕೆ ಮುಂಗಡ ಹಣ ಕೇಳಿದರೆ, ಒಟಿಪಿ ಕೇಳಿದರೆ, ಪ್ರಮಾಣಪತ್ರದ ನೆಪದಲ್ಲಿ ಎಪಿಕೆ ಕಡತವನ್ನು ಇಳಿಸಿಕೊಳ್ಳಲು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಯುಪಿಐ ಮೂಲಕ ಹಣ ಪಡೆಯಲು ಪಿನ್ ಹಾಕುವ ಅವಶ್ಯಕತೆಯೇ ಇಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ಹಣ ಕಳೆದುಕೊಂಡವರು ಸಂಕೋಚದಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಣ ಹೋಗದಿದ್ದರೂ ಅಂಥ ಸಂದೇಶವನ್ನು ಸಂಚಾರ್ ಸಾಥಿಯ 'ಚಕ್ಷು' ವಿಭಾಗದಲ್ಲಿ ವರದಿ ಮಾಡಬಹುದು. ಇದರಿಂದ ಇನ್ನೊಂದು ಮನೆ ಉಳಿದೀತು.

ಕಿರಿಯರಲ್ಲಿ ನಮ್ಮದೊಂದು ಬಿನ್ನಹ. ಹಿರಿಯರು ಇಂಥ ಸಂದೇಶ ತೋರಿಸಿದಾಗ ನಗಬೇಡಿ, ಗದರಬೇಡಿ. ಜೊತೆಯಲ್ಲಿ ಕುಳಿತು ಪರೀಕ್ಷಿಸಿ. ಒಮ್ಮೆ ನಗೆಗೀಡಾದವರು ಮುಂದಿನ ಸಲ ತೋರಿಸುವುದಿಲ್ಲ.

ನಮ್ಮ ಶಿಕ್ಷಕರು ಸ್ವಲ್ಪ ಹೊತ್ತಿನ ಬಳಿಕ ಕನ್ನಡಕ ಒರೆಸಿಕೊಂಡು, "ಹತ್ತು ಕಿಲೋಮೀಟರ್ ಓಡಿದ್ದಂತೂ ಸುಳ್ಳಲ್ಲವಲ್ಲ" ಎಂದರು. ಒಂದು ಗಂಟೆ ಹದಿನಾರು ನಿಮಿಷದ ಆ ಪ್ರಮಾಣಪತ್ರವೇ ಈಗ ಅವರ ಪಡಸಾಲೆಯ ಗೋಡೆಯ ಮೇಲಿದೆ. ಅಂದು ಸಿಹಿಯನ್ನಂತೂ ಎಲ್ಲರಿಗೂ ಹಂಚಿದರು. ನಾವೂ ಸಂತೋಷದಿಂದ ಸ್ವೀಕರಿಸಿದೆವು.